ನನ್ನ ಪಟ್ಟಿ ಕಡಿದ ಸಾರಕ್ಕಿಯ ತೋಪು

ಜಯನಗರ, ಬೆಂಗಳೂರು
21 ಆಗಸ್ಟ್ 1965

ಬಡಾವಣೆ ಶಾಖೆಯ ಜೀವಸಂರಕ್ಷಣಾ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಈ ಒಂದು ಪದ ಬರೆಯುವಷ್ಟರಲ್ಲಿ ನನ್ನ ಪೆನ್ನು ಎರಡು ಸಲ ನಿಂತಿತು. ಮೂವತ್ತೊಂದು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಪತ್ರ ಬರೆಯುವುದನ್ನು ಕಲಿಸಿದವನು ನಾನು. ಎಷ್ಟೇ ಕೋಪವಿದ್ದರೂ ಸಂಬೋಧನೆಯಲ್ಲಿ ಮರ್ಯಾದೆ ಬಿಡಬಾರದು ಎಂದು ಬೆತ್ತ ಹಿಡಿದು ಹೇಳಿಕೊಟ್ಟಿದ್ದೇನೆ. ಹೇಳಿಕೊಟ್ಟ ತಪ್ಪಿಗೆ ಮರ್ಯಾದೆಯಿಂದಲೇ ಶುರು ಮಾಡಿದ್ದೇನೆ. ಕೊನೆಯವರೆಗೆ ಅದು ಉಳಿಯುತ್ತದೆಂದು ಮಾತು ಕೊಡಲಾರೆ.

ದೂರು ಇದು. ಕಳೆದ ಮೇ ತಿಂಗಳಲ್ಲಿ ತಾವು ಸಾರಕ್ಕಿಯ ಗುಂಡುತೋಪನ್ನು ಕಡಿಸಿದಿರಿ. ಕಡಿಸಿದ ಮೇಲೆ, 'ತೋಪಿನ ಸಮಸ್ತ ಜೀವಜಾತಿಗಳನ್ನೂ ಸುರಕ್ಷಿತವಾಗಿ ಸ್ಥಳಾಂತರಿಸಿ ಸಂರಕ್ಷಿಸಲಾಗಿದೆ' ಎಂದು ಮೊಹರು ಒತ್ತಿದ ಪ್ರಮಾಣಪತ್ರ ಕೊಟ್ಟಿರಿ. ಆ ಕಾಗದವನ್ನು ಹಿಡಿದುಕೊಂಡು ಸರ್ಕಾರಿ ವಕೀಲರು ಬೈರಣ್ಣ ಎಂಬ ರೈತನನ್ನು ಹತ್ತು ವರ್ಷ ಜೈಲಿಗೆ ತಳ್ಳಲು ಹೊರಟಿದ್ದಾರೆ. ಆ ಪ್ರಮಾಣಪತ್ರ ಸುಳ್ಳು. ಅದಕ್ಕೆ ಆಧಾರವೆಂದು ತಾವು ಲಗತ್ತಿಸಿರುವ ಪಟ್ಟಿ ಮಾತ್ರ ನಿಜ, ಏಕೆಂದರೆ ಅದನ್ನು ಬರೆದವನು ನಾನು. ಇದೇ ವಿಷಯವಾಗಿ ಮೂರು ಪತ್ರ ಬರೆದೆ. ಮೂರಕ್ಕೂ ತಮ್ಮ ಕಚೇರಿಯಿಂದ 'ತಲುಪಿದೆ' ಎಂಬ ಕಾರ್ಡು ಬಂತು. ಕಾಗದ ತಲುಪಿತು, ವಿಷಯ ತಲುಪಲಿಲ್ಲ. ಆದ್ದರಿಂದ ಈ ನಾಲ್ಕನೆಯದನ್ನು ಪತ್ರಿಕೆಗೆ ಕೊಟ್ಟಿದ್ದೇನೆ. ಬೆಳಗಿನ ಕಾಫಿಯ ಜೊತೆಗಾದರೂ ತಾವು ಓದಬೇಕಾಗುತ್ತದೆ.

ತಾವು ಆ ತೋಪನ್ನು ನಕಾಶೆಯಲ್ಲಿ ಹಸಿರು ಶಾಯಿಯ ಒಂದು ಬೊಟ್ಟಿನಂತೆ ನೋಡಿರಬಹುದು. ಸಾರಕ್ಕಿ ಕೆರೆಯ ಏರಿಗೆ ತಾಗಿಕೊಂಡು ಐವತ್ತೊಂದು ಮರಗಳು ಅಲ್ಲಿದ್ದವು. ಹುಣಸೆ, ಹೊಂಗೆ, ನೇರಳೆ, ಅತ್ತಿ, ಬೇವು, ಒಂದು ಮುದಿ ಆಲ. ಕೊಂಬೆಗೆ ಕೊಂಬೆ ಹೆಣೆದುಕೊಂಡು, ಒಂದು ತುದಿಯಲ್ಲಿ ಹತ್ತಿದ ಅಳಿಲು ನೆಲ ಮುಟ್ಟದೆ ಇನ್ನೊಂದು ತುದಿಯಲ್ಲಿ ಇಳಿಯಬಹುದಿತ್ತು. ನಾನು ನಿವೃತ್ತನಾಗಿ, ತಾವೇ ಹಂಚಿದ ನಿವೇಶನದಲ್ಲಿ ಮನೆ ಕಟ್ಟಿಕೊಂಡು ಜಯನಗರಕ್ಕೆ ಬಂದಾಗಿನಿಂದ ಸಂಜೆ ಸೈಕಲ್ ತುಳಿದುಕೊಂಡು ಅಲ್ಲಿಗೆ ಹೋಗುತ್ತಿದ್ದೆ. ನನ್ನ ಅಡುಗೆಮನೆ ಇರುವ ಜಾಗದಲ್ಲೂ ಹಿಂದೆ ಯಾರದೋ ರಾಗಿಹೊಲವಿತ್ತು, ಅದನ್ನು ಮುಚ್ಚಿಡುವುದಿಲ್ಲ. ಸಾಚಾತನದ ಮಣೆ ಹಾಕಿಕೊಂಡು ಕೂತು ನಾನು ಈ ಪತ್ರ ಬರೆಯುತ್ತಿಲ್ಲ.

ತೋಪನ್ನು ನೋಡಿಕೊಳ್ಳುತ್ತಿದ್ದವನು ಬೈರಣ್ಣ. ಸಂಬಳವಿಲ್ಲದ, ನೇಮಕದ ಆಜ್ಞೆಯಿಲ್ಲದ ಕೆಲಸ. ಅವನ ಅಪ್ಪ ನೋಡಿಕೊಳ್ಳುತ್ತಿದ್ದ, ಆದ್ದರಿಂದ ಇವನು. ಅವನ ಹೆಂಡತಿ ಮುನಿಲಕ್ಷ್ಮಮ್ಮ ದಿನಾ ಬೆಳಿಗ್ಗೆ ನಮ್ಮ ಮನೆಗೆ ಹಾಲು ತರುವಾಕೆ. ಆ ಊರಿನಲ್ಲಿ ಮರ ಕಡಿಯುವುದಕ್ಕೆ ಒಂದು ಕ್ರಮವಿತ್ತು. ಮನೆಗೆ ತೊಲೆ ಬೇಕಾದರೆ, ಹಿಂದಿನ ಸಂಜೆ ಬೈರಣ್ಣ ಹೋಗಿ ಕೊಡಲಿಯ ಹಿಂಬದಿಯಿಂದ ಬೊಡ್ಡೆಗೆ ಮೂರು ಸಲ ತಟ್ಟಿ, "ಇರೋರು ಎದ್ದೋಗ್ರಪ್ಪಾ, ನಾಳೆ ಬತ್ತೀವಿ" ಎಂದು ಹೇಳಿ, ಕೊಡಲಿಯನ್ನು ಮರಕ್ಕೆ ಒರಗಿಸಿ ಬರುತ್ತಿದ್ದ. ಬೆಳಿಗ್ಗೆ ಮರ ಹತ್ತಿ ನೋಡಬೇಕು. ಮೊಟ್ಟೆಯೋ ಮರಿಯೋ ಇದ್ದರೆ ಆ ಮರಕ್ಕೆ ಆ ವರ್ಷ ಕೊಡಲಿ ಇಲ್ಲ. ಮೂಢನಂಬಿಕೆ ಎಂದು ತಾವು ನಗಬಹುದು. ನಾನೂ ವಿಜ್ಞಾನದ ಮೇಷ್ಟ್ರು, ಮೊದಲ ಸಲ ಕೇಳಿದಾಗ ನಕ್ಕಿದ್ದೆ. ಆಮೇಲೆ ಯೋಚನೆ ಮಾಡಿದರೆ, ನಮ್ಮ ಪಠ್ಯಪುಸ್ತಕದ ಒಂದು ಅಧ್ಯಾಯದಷ್ಟು ವಿವೇಕ ಅದರಲ್ಲಿತ್ತು.

ಜನವರಿಯಲ್ಲಿ ತಮ್ಮ ಶಾಖೆಯ ಸಹಾಯಕರೊಬ್ಬರು ಜೀಪಿನಲ್ಲಿ ನಮ್ಮ ಮನೆ ಹುಡುಕಿಕೊಂಡು ಬಂದರು. ಸರ್ಕಾರ ಈಗ ಮರಗಿಡ ಪ್ರಾಣಿಪಕ್ಷಿಗಳನ್ನು ಉಳಿಸುವ ಹೊಸ ಯೋಜನೆ ತಂದಿದೆ, ಸಾರಕ್ಕಿಯ ತೋಪಿನಲ್ಲಿ ಏನೇನಿದೆ ಎಂದು ಬಲ್ಲವರು ತಾವೊಬ್ಬರೇ, ಒಂದು ಪಟ್ಟಿ ಮಾಡಿಕೊಡಬೇಕು ಎಂದು ಕೈಮುಗಿದು ಕೇಳಿದರು. ನಿವೃತ್ತನಾದ ಮೇಷ್ಟ್ರನ್ನು 'ತಾವೊಬ್ಬರೇ ಬಲ್ಲವರು' ಎಂದು ಯಾರಾದರೂ ಹೊಗಳಿದರೆ ಅವನು ಉಬ್ಬಿಹೋಗುತ್ತಾನೆ. ನಾನು ಉಬ್ಬಿದೆ. ನನ್ನ ಹೆಂಡತಿ ಗಿರಿಜಾದೇವಿ ಅವರಿಗೆ ಎರಡನೆಯ ಲೋಟ ಕಾಫಿ ಕೊಟ್ಟಳು.

ಅವರು ಕೊಟ್ಟ ನಮೂನೆಯಲ್ಲಿ ಆರು ಕಲಂಗಳಿದ್ದವು. ಆರನೆಯದು 'ಎಲ್ಲಿ, ಯಾವಾಗ ಸಿಗುತ್ತದೆ'. ಈ 'ಸಿಗುತ್ತದೆ' ಎನ್ನುವುದು ಹಿಡಿಯುವವನ ಮಾತೆಂದು ಆಗಲೇ ಹೊಳೆಯಬೇಕಿತ್ತು. ನನಗೆ ಹೊಳೆಯಲಿಲ್ಲ. ಎರಡು ತಿಂಗಳು ನಾನೂ ಬೈರಣ್ಣನೂ ಮರಮರ ಸುತ್ತಿದೆವು. ಮನೆಗೆ ಬಂದ ನೆಂಟರಿಗೆ ಅಟ್ಟ, ಕೊಟ್ಟಿಗೆ, ಬಾವಿ ಎಲ್ಲ ತೋರಿಸುವ ಉತ್ಸಾಹದಲ್ಲಿ ಅವನು ಒಂದೊಂದೇ ಪೊಟರೆ ತೋರಿಸಿದ. ಉಡದ ಬಿಲ, ಗೂಬೆಯ ಕೊಂಬೆ, ಮುಂಗುಸಿ ಮರಿ ಹಾಕುವ ಕಲ್ಲುಸಂದಿ. ನಾನು ದುಂಡಗಿನ ಅಕ್ಷರದಲ್ಲಿ ಬರೆದೆ. ಕಾಡುಪಾಪ ಎಷ್ಟನೆಯ ಹುಣಸೆಯ ಎಷ್ಟನೆಯ ಕವಲಿನಲ್ಲಿ ಮುದುಡಿಕೊಂಡು ಹಗಲೆಲ್ಲ ಮಲಗುತ್ತದೆ ಎಂಬುದನ್ನೂ ಬರೆದೆ. ನಮ್ಮ ಅಂಗೈಯಷ್ಟು ಮೈ, ಮುಖದ ತುಂಬ ಕಣ್ಣು, ಬಾಲವಿಲ್ಲದ ಆ ಬಡಪಾಯಿ ಪ್ರಾಣಿ ನೆಲಕ್ಕೆ ಇಳಿಯುವುದಿಲ್ಲ, ಓಡುವುದಿಲ್ಲ, ಹೆದರಿದರೆ ಕೊಂಬೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡು ಅಲ್ಲೇ ಕೂರುತ್ತದೆ. ಇದನ್ನೂ 'ವಿಶೇಷ ಟಿಪ್ಪಣಿ' ಎಂದು ಸೇರಿಸಿದೆ. ಕೊಲ್ಲುವವನಿಗೆ ಇದಕ್ಕಿಂತ ಹೆಚ್ಚಿನ ಮಾಹಿತಿ ಏನು ಬೇಕು?

ಮುನಿಲಕ್ಷ್ಮಮ್ಮನಿಗೆ ಮಾತ್ರ ಈ ಪಟ್ಟಿ ಮೊದಲಿಂದಲೂ ಸರಿಬರಲಿಲ್ಲ. ಹಾಲು ಅಳೆಯುತ್ತ ಒಂದು ಬೆಳಿಗ್ಗೆ ಹೇಳಿಯೇಬಿಟ್ಟಳು.

"ಯಾವ ಮರದಾಗೆ ಯಾವ ಗೂಡೈತೆ ಅಂತ ನಮ್ಮೂರ ಐಕ್ಳಿಗೇ ನಾವು ಯೋಳಾಕಿಲ್ಲ. ನೀವು ಕಾಗದಕ್ಕೆ ಬರದುಬುಟ್ರಲ್ಲ ಮೇಷ್ಟ್ರೇ."

"ಉಳಿಸೋದಕ್ಕೆ ಕೇಳ್ತಿದ್ದಾರೆ ಕಣಮ್ಮ" ಎಂದೆ ನಾನು.

ಬೈರಣ್ಣನೂ ನನ್ನ ಪಕ್ಷವೇ ಹಿಡಿದ. "ಸರ್ಕಾರದೋರು ಕೇಳವ್ರೆ ಅಂದ್ರೆ ಮಡಗಾಕೇ ಕೇಳವ್ರೆ. ಕಡಿಯೋರು ಯಾರಾನಾ ಎಲ್ಲಾ ಬರಕೊಂಡು ಕಡೀತಾರಾ?"

ಈ ಪ್ರಶ್ನೆಯನ್ನು ತಮ್ಮ ಮುಂದಿಡುತ್ತಿದ್ದೇನೆ. ಬೈರಣ್ಣನ ಪಾಲಿಗೆ ಅದು ಪ್ರಶ್ನೆಯೇ ಆಗಿರಲಿಲ್ಲ, ಅಷ್ಟು ನಂಬಿಕೆ ಅವನಿಗೆ. ಉತ್ತರ ಈಗ ಗೊತ್ತಾಗಿದೆ. ಹೌದು, ಕಡೀತಾರೆ.

ಮಾರ್ಚಿಯಲ್ಲಿ ಪಟ್ಟಿ ಒಪ್ಪಿಸಿದೆ. ನೂರ ನಲವತ್ತಮೂರು ಜೀವಜಾತಿ. ಏಪ್ರಿಲ್‌ನಲ್ಲಿ ತಮ್ಮವರು ಬಲೆ, ಗೋಣಿಚೀಲ, ಗಾಜಿನ ಭರಣಿಗಳ ಸಮೇತ ಬಂದರು. ಕೈಯಲ್ಲಿ ನನ್ನ ಪಟ್ಟಿಯ ಟೈಪು ಮಾಡಿದ ಪ್ರತಿ. ಯಾರನ್ನೂ ಕೇಳದೆ ನೇರವಾಗಿ ಕಾಡುಪಾಪವಿದ್ದ ಏಳನೆಯ ಹುಣಸೆಗೆ ಏಣಿ ಹಾಕಿದರು. ಪ್ರತಿಯೊಂದರಲ್ಲೂ ಒಂದು ಜೋಡಿ ಹಿಡಿದು ತಮ್ಮ ಸಂಗ್ರಹ ತೋಟಕ್ಕೆ ಸಾಗಿಸಿದರು. ಸಿಗದಿದ್ದವುಗಳ ಮುಂದೆ ಅವರು ಬರೆದ ಷರಾಗಳನ್ನು ಆಮೇಲೆ ಬೈರಣ್ಣನ ಪರ ವಕೀಲರ ಕಡತದಲ್ಲಿ ಓದಿ ನನ್ನ ಕಣ್ಣನ್ನು ನಾನೇ ನಂಬಲಿಲ್ಲ. 'ಬಾವಲಿ: ಹಾರುವ ಸಾಮರ್ಥ್ಯವಿರುವುದರಿಂದ ಸ್ವಯಂ ಸಂರಕ್ಷಿತ.' 'ಮಂಗಟ್ಟೆ: ಜೋಡಿ ಲಭ್ಯವಾಗಲಿಲ್ಲ, ಗರಿಯೊಂದನ್ನು ಸಂಗ್ರಹಿಸಿ ಸಂರಕ್ಷಿಸಲಾಗಿದೆ.' 'ಆಲದ ಮರ: ಎಲೆಗಳನ್ನು ಒಣಗಿಸಿ ಅಂಟಿಸಲಾಗಿದೆ.' ಮಾನ್ಯರೇ, ತಮ್ಮ ತಂದೆಯವರ ಚಿತೆಯಿಂದ ಒಂದು ಹಿಡಿ ಬೂದಿ ತಂದು ಭರಣಿಯಲ್ಲಿಟ್ಟು, ತಂದೆಯವರನ್ನು ಸುರಕ್ಷಿತವಾಗಿ ಸ್ಥಳಾಂತರಿಸಲಾಗಿದೆ ಎಂದು ತಾವು ಮನೆಮಂದಿಗೆ ಹೇಳುತ್ತೀರಾ?

ಜೋಡಿಗಳು ಹೋದ ಮೇಲೆ ತೋಪಿನಲ್ಲಿ ಉಳಿದದ್ದು ಸರ್ಕಾರದ ದೃಷ್ಟಿಯಲ್ಲಿ ಸೌದೆ. ಮೇ ತಿಂಗಳ ಒಂದು ಸಂಜೆ ಮರದ ಕಂಟ್ರಾಕ್ಟರು ಗುಂಡಣ್ಣ ಅರವತ್ತು ಆಳುಗಳೊಡನೆ ಬಂದಿಳಿದ. ಬೈರಣ್ಣ ಅವನ ಮುಂದೆ ಟವೆಲ್ಲು ಕೈಗೆ ತೆಗೆದುಕೊಂಡು ನಿಂತ. ಕಡಿಯಬೇಡಿ ಎಂದು ಅವನು ಕೇಳಲಿಲ್ಲ. ಸರ್ಕಾರದ ಆಜ್ಞೆ ಎಂದ ಮೇಲೆ ಹಾಗೆ ಕೇಳುವುದು ಅವನಿಗೆ ಗೊತ್ತಿರಲಿಲ್ಲ. ಅವನು ಕೇಳಿದ್ದು ಒಂದೇ: ಇವತ್ತು ಮರಗಳಿಗೆ ತಿಳಿಸಿ, ಕೊಡಲಿ ಒರಗಿಸಿ, ನಾಳೆ ಹತ್ತಿ ನೋಡಿ, ಆಮೇಲೆ ಕಡಿಯಿರಿ.

"ಏನ್ ಗೌಡ್ರೇ, ಮರಕ್ಕೂ ನೋಟೀಸ್ ಕೊಡ್ಬೇಕಾ?" ಎಂದು ಗುಂಡಣ್ಣ ನಕ್ಕನಂತೆ. "ಆಯ್ತು ಹೋಗಿ, ನೋಡೋಣ."

ಕತ್ತಲಾಗುವ ಮುಂಚೆ ಬೈರಣ್ಣ ಮತ್ತೊಂದು ಸಲ ಬಂದು ನೋಡಿದ. ಪ್ರತಿಯೊಂದು ಮರಕ್ಕೂ ಕೊಡಲಿ ಒರಗಿಸಿದ್ದರು. ದಿನದ ಪಯಣದಿಂದ ದಣಿದ ಆಳುಗಳು ಮಾರನೆಯ ದಿನದ ಕೆಲಸಕ್ಕೆಂದು ಹತಾರಗಳನ್ನು ಅಲ್ಲಲ್ಲೇ ಇಟ್ಟು ಊಟಕ್ಕೆ ಹೋಗಿದ್ದರು, ಅಷ್ಟೆ. ಬೈರಣ್ಣ ಬೇರೆಯೇ ತಿಳಿದುಕೊಂಡ. ಕಂಟ್ರಾಕ್ಟರು ಮಾತು ಉಳಿಸಿಕೊಂಡರು, ದೊಡ್ಡ ಮನುಷ್ಯ ಎಂದುಕೊಂಡ. ತಾನೇ ಒಂದೊಂದು ಬೊಡ್ಡೆಗೂ ಮೂರು ಸಲ ತಟ್ಟಿ, ಹೇಳಬೇಕಾದ್ದನ್ನು ಹೇಳಿ, ಮನೆಗೆ ಹೋಗಿ ಬುಟ್ಟಿಗಳನ್ನೂ ಏಣಿಯನ್ನೂ ಸಿದ್ಧ ಮಾಡಿ ಇಟ್ಟ. ಬೆಳಿಗ್ಗೆ ಮರಿಗಳಿದ್ದರೆ ಇಳಿಸಬೇಕಲ್ಲ. ಊರಿನ ನಾಲ್ಕು ಜನ ಏರಿಯ ಮೇಲೆ ಅಡ್ಡ ಕೂರೋಣ ಎಂದು ಬಂದಾಗ, "ಬೇಡ, ಕೊಡಲಿ ಒರಗಿಸವ್ರೆ" ಎಂದು ಅವನೇ ವಾಪಸು ಕಳಿಸಿದ. ಇಡೀ ಬೆಂಗಳೂರಿನಲ್ಲಿ ಒರಗಿಸಿದ ಕೊಡಲಿಯನ್ನು ನೋಡಿ ನಿಶ್ಚಿಂತೆಯಿಂದ ನಿದ್ದೆ ಮಾಡುವ ಮನುಷ್ಯ ಅವನೊಬ್ಬನೇ ಇದ್ದ.

ಬೆಳಿಗ್ಗೆ ಆರಕ್ಕೆ ಮುನಿಲಕ್ಷ್ಮಮ್ಮ ನಮ್ಮ ಬಾಗಿಲು ಬಡಿದಳು. ಕೈಯಲ್ಲಿ ಹಾಲಿನ ಪಾತ್ರೆ ಇರಲಿಲ್ಲ, ಕಾಲಿನಲ್ಲಿ ಮೆಟ್ಟು ಇರಲಿಲ್ಲ.

"ಮೇಷ್ಟ್ರೇ, ತೋಪು ಉರುಳಸ್ತಾವ್ರೆ."

ನಾನು ಸೈಕಲ್ ಹತ್ತಿದೆ. ಅರ್ಧ ಮೈಲಿ ದೂರದಿಂದಲೇ ಸದ್ದು ಕೇಳುತ್ತಿತ್ತು. ಅಲ್ಲಿ ನಾನು ಕಂಡದ್ದನ್ನು ಈಗ ಬರೆಯುತ್ತೇನೆ. ತಮಗೆ ಓದಲು ಕಷ್ಟವಾದರೆ ಆಗಲಿ. ತಾವು ಅಲ್ಲಿ ಇರಲಿಲ್ಲ, ತಮ್ಮ ಪ್ರಮಾಣಪತ್ರಕ್ಕೂ ಆ ದಿನಕ್ಕೂ ನಡುವೆ ಹನ್ನೊಂದು ದಿನ ಮತ್ತು ಕಚೇರಿಯ ಒಂದು ಫ್ಯಾನು ಇದ್ದವು.

ಅತ್ತಿಯ ಮರದ ಹೆಜ್ಜೇನನ್ನು ಓಡಿಸಲು ಹುಲ್ಲಿನ ಪಂಜು ಕಟ್ಟಿ ಹಚ್ಚಿದ್ದರು. ಬೆಂಕಿ ಒಣ ರೆಂಬೆಗೆ ತಗುಲಿ ಇಡೀ ಮರ ಹೊತ್ತಿಕೊಂಡಿತ್ತು. ಮೇಲಿಂದ ಉರಿಯುವ ಅಳಿಲುಗಳು ಬೀಳುತ್ತಿದ್ದವು. ಒಂದು ಮುಂಗುಸಿ ಬೆನ್ನು ಮುರಿದು ಮುಂಗಾಲಿನಿಂದಲೇ ಮೈ ಎಳೆದುಕೊಂಡು ಏರಿಯ ಕಡೆ ತೆವಳುತ್ತಿತ್ತು. ಒಬ್ಬ ಆಳು ಅದರ ತಲೆಯ ಮೇಲೆ ಕಲ್ಲು ಎತ್ತಿ ಹಾಕಿದ. ಅವನು ಮಾಡಿದ್ದರಲ್ಲಿ ದಯೆಯ ಕೆಲಸ ಬಹುಶಃ ಅದೊಂದೇ. ಏಳನೆಯ ಹುಣಸೆ ಬಿದ್ದಿತ್ತು. ಬಿದ್ದ ಕೊಂಬೆಯನ್ನು ಆಗಲೂ ಬಿಗಿಯಾಗಿ ತಬ್ಬಿಕೊಂಡಿದ್ದ ಕಾಡುಪಾಪಗಳನ್ನು ನೋಡಿದೆ. ಐದು. ನನ್ನ ಟಿಪ್ಪಣಿ ಸರಿಯಾಗಿತ್ತು, ಅವು ಓಡಿರಲಿಲ್ಲ. ದೊಣ್ಣೆಯಲ್ಲಿ ಬಡಿದು, ಅವುಗಳ ಕಣ್ಣು ಮದ್ದಿಗೆ ಆಗುತ್ತದೆ ಎಂದು ಯಾರೋ ಅಂದರಂತೆ, ಚೂರಿಯಿಂದ ಕಣ್ಣುಗಳನ್ನು ಕಿತ್ತಿದ್ದರು. ಒಂದಕ್ಕೆ ಇನ್ನೂ ಜೀವವಿತ್ತು. ಅದರ ಹೊಟ್ಟೆಗೆ ಮರಿ ಅಂಟಿಕೊಂಡಿತ್ತು. ಕಣ್ಣಿಲ್ಲದ ಮುಖವನ್ನು ಅದು ಆ ಕಡೆ ಈ ಕಡೆ ತಿರುಗಿಸುತ್ತಿತ್ತು. ಅದೂ ಸತ್ತ ಮೇಲೆ, ಅರವತ್ತು ವರ್ಷದ ನಾನು ಅಲ್ಲೇ ಕೂತು ಐದನ್ನೂ ಮರಿಯ ಸಮೇತ ಹೆಗಲ ವಸ್ತ್ರದಲ್ಲಿ ಸುತ್ತಿಕೊಂಡೆ.

ಮಂಗಟ್ಟೆಯ ವಿಷಯ ತಮಗೆ ತಿಳಿದಿರಲಾರದು. ಹೆಣ್ಣು ಹಕ್ಕಿ ಮೊಟ್ಟೆಯಿಡುವಾಗ ಪೊಟರೆಯೊಳಗೆ ಸೇರಿ ಅದರ ಬಾಯಿಯನ್ನು ಮಣ್ಣಿನಿಂದ ಮೆತ್ತಿಕೊಳ್ಳುತ್ತದೆ, ಕೊಕ್ಕು ತೂರುವಷ್ಟು ಸಂದು ಮಾತ್ರ ಬಿಟ್ಟು. ಮರಿಗಳು ಬೆಳೆಯುವವರೆಗೆ ಗಂಡು ತಂದುಕೊಟ್ಟದ್ದೇ ಊಟ. ಹಾರೋಣವೆಂದರೆ ರೆಕ್ಕೆಯ ಗರಿಗಳೂ ಉದುರಿರುತ್ತವೆ. ಹಳೆಯ ನೇರಳೆ ಮರದಲ್ಲಿ, ನೆಲದಿಂದ ಇಪ್ಪತ್ತು ಅಡಿ ಎತ್ತರದ ಪೊಟರೆಯಲ್ಲಿ ಪ್ರತಿವರ್ಷದಂತೆ ಆ ವರ್ಷವೂ ಅದು ಒಳಗಿತ್ತು. ಅಲ್ಲಿಯವರೆಗೆ ತೋಪಿನ ಆ ತುದಿಯಲ್ಲಿ ಆಳುಗಳನ್ನು ಬೇಡಿಕೊಳ್ಳುತ್ತಿದ್ದ ಬೈರಣ್ಣ ಓಡಿ ಬಂದವನೇ ಆ ಮರವನ್ನು ತಬ್ಬಿಕೊಂಡ. "ಒಳಗೆ ಬಾಣಂತಿ ಐತೆ ಕಣ್ರಯ್ಯಾ" ಎಂದ. ಅವನು ಕಿರುಚಲಿಲ್ಲ, ಗುಟ್ಟು ಹೇಳುವವನಂತೆ ಹೇಳಿದ. ಆಳುಗಳು ಅವನ ಕಾಲು ಹಿಡಿದು ಎಳೆದು ಆಚೆ ಹಾಕಿದರು. ಮರ ಬಿತ್ತು. ಪೊಟರೆಯ ಮಣ್ಣು ಒಡೆಯಿತು, ಒಳಗಿದ್ದದ್ದು ಬೊಡ್ಡೆಗೂ ನೆಲಕ್ಕೂ ನಡುವೆ ಅರೆದುಹೋಯಿತು. ಸ್ವಲ್ಪ ಹೊತ್ತಿಗೆ ಗಂಡು ಹಕ್ಕಿ ಬಂತು. ಕೊಕ್ಕಿನಲ್ಲಿ ಅತ್ತಿಹಣ್ಣು ಕಚ್ಚಿಕೊಂಡು, ಮರವಿದ್ದ ಜಾಗದಲ್ಲಿ ಗಾಳಿಯಲ್ಲೇ ರೆಕ್ಕೆ ಬಡಿಯುತ್ತ, ಕೂರಲು ಏನೂ ಇಲ್ಲದೆ ಸುತ್ತಿತು.

ಅದನ್ನು ನೋಡಿದ ಮೇಲೆ ಬೈರಣ್ಣ ಎದ್ದ. ಪಕ್ಕದ ಹೊಂಗೆಗೆ ಒರಗಿಸಿದ್ದ ಕೊಡಲಿ ತೆಗೆದುಕೊಂಡ. ಗುಂಡಣ್ಣನ ಎಡತೋಳಿಗೆ ಹೊಡೆದ. ಮೊಣಕೈಯ ಮೇಲೆ ಮೂಳೆ ಬಿಳುಪಾಗಿ ಕಂಡದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ, ಕೋರ್ಟಿನಲ್ಲೂ ಹೇಳುತ್ತೇನೆ. ಆ ಏಟನ್ನು ಸಮರ್ಥಿಸುವುದಿಲ್ಲ. ಗುಂಡಣ್ಣನ ಕೈ ಇನ್ನು ಮೇಲೆ ಮಡಚುವುದಿಲ್ಲವಂತೆ. ಅವನಿಗೂ ಹೆಂಡತಿ ಮಕ್ಕಳಿದ್ದಾರೆ, ಆಜ್ಞೆ ಅವನದಲ್ಲ. ಆಳುಗಳು ಸುಮ್ಮನಿರಲಿಲ್ಲ. ಬೈರಣ್ಣನನ್ನು ಬೊಡ್ಡೆಯ ಮೇಲೆ ಕೆಡವಿ ಕೊಡಲಿ ಕಾವಿನಿಂದ ಬಡಿದರು. ಮೂರು ಪಕ್ಕೆಲುಬು ಮುರಿಯಿತು. ಪೊಟರೆ ತೋರಿಸಿದ ಆ ಬಲಗೈಯ ಮೇಲೆ ಕೊಡಲಿಯ ಹಿಂಬದಿಯಿಂದ ಮೂರು ಸಲ ಹೊಡೆದರು. ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. ಆ ಗಲಾಟೆಯಲ್ಲಿ ನನ್ನ ಕನ್ನಡಕ ಒಡೆಯಿತು. ನನಗಾದ ನಷ್ಟ ಅಷ್ಟೇ, ಬರೆದವನಿಗೆ ಯಾವಾಗಲೂ ಅಷ್ಟೇ ಆಗುವುದು. ರಕ್ತ ಬಿದ್ದ ಕಾರಣ ಕೆಲಸ ನಿಂತಿತು. ಏರಿಯ ಪಕ್ಕದ ಒಂಬತ್ತು ಮರಗಳು ಈಗಲೂ ನಿಂತಿವೆ.

ಜೂನ್ ತಿಂಗಳಲ್ಲಿ ತಮ್ಮ ಸಂಗ್ರಹ ತೋಟಕ್ಕೆ ಹೋಗಿದ್ದೆ. ಚೆನ್ನಾಗಿ ಕಟ್ಟಿದ್ದೀರಿ. ದಾರಿಯ ಎರಡೂ ಬದಿಗೆ ಸುಣ್ಣ ಬಳಿದ ಇಟ್ಟಿಗೆಗಳು. ಕುಂಡದಲ್ಲಿ ಮೊಣಕಾಲೆತ್ತರದ ಹೊಂಗೆ, ಅದರ ಕುತ್ತಿಗೆಗೆ 'ಸಾರಕ್ಕಿ' ಎಂಬ ತಗಡು. ಕಾಡುಪಾಪದ ಪಂಜರ ಖಾಲಿಯಿತ್ತು. ಪಂಜರ ನೋಡಿಕೊಳ್ಳುವ ಅನಂತರಾಮು ಎಂಬಾತನನ್ನು ಕೇಳಿದೆ.

"ಬಾಳೆಹಣ್ಣು, ಹಾಲು ಕೊಟ್ವಿ ಸಾರ್. ತಿನ್ಲಿಲ್ಲ. ಜನಕ್ಕೆ ಕಾಣ್ಲಿ ಅಂತ ಬಲ್ಬ್ ಬೇರೆ ಹಾಕಿದ್ರು, ಎರಡೂ ಕೈಯಲ್ಲಿ ಕಣ್ಣು ಮುಚ್ಕೊಂಡೇ ಕೂತಿರ್ತಿದ್ವು. ಹದಿನೇಳು ದಿನ ಇದ್ವು."

"ಬೋರ್ಡು ಇನ್ನೂ ಇದೆಯಲ್ಲಪ್ಪ?"

"ಬೋರ್ಡು ತೆಗೆಯಲ್ಲ ಸಾರ್. ಹೊಸದು ಬರುತ್ತೆ. ಬೋರ್ಡು ಅದೇ, ಪ್ರಾಣಿ ಮಾತ್ರ ಬದಲಾಯಿಸ್ತೀವಿ."

ಆತ ಕೆಟ್ಟವನಲ್ಲ. ಸತ್ತವನ್ನು ಬೇಲಿಯ ಹಿಂದೆ ಹೂತು ಮೇಲೊಂದು ಕಲ್ಲು ಇಟ್ಟಿದ್ದ, ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದ. ಆ ತೋಟದಲ್ಲಿ ಸಾರಕ್ಕಿಯಿಂದ ಬಂದ ಪ್ರಾಣಿಗಳಲ್ಲಿ ಅಂದು ಜೀವಂತವಾಗಿದ್ದದ್ದು ಒಂದು ಉಡ ಮತ್ತು ಎರಡು ಆಮೆ.

ನಾನು ಹಟಮಾರಿಯಲ್ಲ. ಕಾಡಿನ ಆಚೆ ತಂದು ಜೀವ ಉಳಿಸುವುದೇ ತಪ್ಪು ಎನ್ನುವಷ್ಟು ದಡ್ಡನೂ ಅಲ್ಲ. ಕೆರೆ ಒಣಗಿದಾಗ ಮೀನನ್ನು ಬಾವಿಗೆ ಬಿಟ್ಟು, ಮಳೆ ಬಂದ ಮೇಲೆ ಮತ್ತೆ ಕೆರೆಗೆ ಬಿಡುವವರನ್ನು ನೋಡಿದ್ದೇನೆ. ಇದನ್ನು ನನಗೆ ಸರಿಯಾಗಿ ಹೇಳಿಕೊಟ್ಟವಳು ಮುನಿಲಕ್ಷ್ಮಮ್ಮ. ಅವಳ ಮನೆಯ ಅಟ್ಟದಲ್ಲಿ ಮಣ್ಣಿನ ಗುಡಾಣಗಳಿವೆ. ಒಂದೊಂದರಲ್ಲಿ ಒಂದೊಂದು ಬಗೆಯ ಅವರೆ, ರಾಗಿ, ಕುಂಬಳದ ಬೀಜವನ್ನು ಬೂದಿಯಲ್ಲಿ ಬೆರೆಸಿ ಬಾಯಿ ಮೆತ್ತಿಟ್ಟಿದ್ದಾಳೆ. ಅವರ ಹೊಲ ಬಡಾವಣೆಗೆ ಹೋಗಿ ಮೂರು ವರ್ಷವಾಯಿತು. ಆದರೂ ಪ್ರತಿವರ್ಷ ಅವಳು ತಲಘಟ್ಟಪುರದ ತವರಿಗೆ ಹೋಗಿ, ಅಣ್ಣನ ಹೊಲದ ಒಂದು ಮೂಲೆಯಲ್ಲಿ ಪ್ರತಿಯೊಂದನ್ನೂ ಒಂದು ಸಾಲು ಬಿತ್ತಿ, ಬೆಳೆದ ಹೊಸ ಬೀಜವನ್ನು ಗುಡಾಣಕ್ಕೆ ತಂದು ತುಂಬುತ್ತಾಳೆ. ಇಷ್ಟು ಕಷ್ಟ ಯಾಕೆ, ಹಾಗೇ ಇಡಬಾರದೇ ಎಂದು ಒಮ್ಮೆ ಕೇಳಿದೆ.

"ಬೀಜ ಮಡಗಾದು ಬಿತ್ತಾಕೆ ಮೇಷ್ಟ್ರೇ, ನೋಡಾಕಲ್ಲ" ಎಂದಳು.

ತಮ್ಮ ಶಾಖೆಯ ಗೋಡೆಯ ಮೇಲೆ ಬರೆಸಬೇಕಾದ ಮಾತು ಅದು. ಹೊರಗಿಟ್ಟದ್ದು ಒಳಗೆ ಹಿಂತಿರುಗಬೇಕು. ಹಿಂತಿರುಗುವುದಕ್ಕೆ ಒಂದು ಹೊಲ, ಒಂದು ಕೆರೆ, ಒಂದು ತೋಪು ಉಳಿದಿರಬೇಕು. ಪಂಜರವೂ ಕುಂಡವೂ ಗಾಜಿನ ಭರಣಿಯೂ ತೋಪಿಗೆ ಆಸರೆಯಾಗಿ ಇರಲಿ, ಬೇಡವೆನ್ನುವುದಿಲ್ಲ. ತಾವು ಮಾಡಿದ್ದೇನು? ತೋಪನ್ನು ಕೊಲ್ಲುವುದಕ್ಕೆ ಪಂಜರವನ್ನು ರಹದಾರಿ ಮಾಡಿಕೊಂಡಿರಿ. ಜೋಡಿ ಹಿಡಿದಾಯಿತು, ಇನ್ನು ಉಳಿದವರನ್ನು ಸುಡಬಹುದು. ಕಾಡುಪಾಪಕ್ಕೆ ಬೇಕಾದದ್ದು ಹಣ್ಣು ಹಾಲು ಅಲ್ಲ, ಹುಳುಹುಪ್ಪಟೆ. ಹುಳುವಿಗೆ ಬೇಕಾದದ್ದು ಹುಣಸೆಯ ಹೂವು. ಹುಣಸೆಗೆ ಬೇಕಾದದ್ದು ಅದು ನಿಂತಿದ್ದ ಜಾಗ. ಇದನ್ನೆಲ್ಲ ಯಾವ ಚೀಲದಲ್ಲಿ ಹಾಕಿ ಯಾವ ಜೀಪಿನಲ್ಲಿ ಸಾಗಿಸುತ್ತೀರಿ? ಬೈರಣ್ಣನಿಗೆ ಅಕ್ಷರ ಬರುವುದಿಲ್ಲ, ಅವನ ಪದ್ಧತಿಯಲ್ಲಿ ತೋಪು ಇನ್ನೂರು ವರ್ಷ ಬದುಕಿತು. ನಾನು ಅಕ್ಷರ ಬಲ್ಲವನು, ತಾವು ಅಧಿಕಾರ ಬಲ್ಲವರು. ನಾವಿಬ್ಬರೂ ಸೇರಿ ಐದು ತಿಂಗಳಲ್ಲಿ ಮುಗಿಸಿದೆವು.

ಈಗ ಕೋರ್ಟಿನ ವಿಷಯ. ಬೈರಣ್ಣ ಆಸ್ಪತ್ರೆಯ ಕೈದಿಗಳ ವಾರ್ಡಿನಲ್ಲಿದ್ದಾನೆ. ಕೊಲೆಯತ್ನ, ಸರ್ಕಾರಿ ಕೆಲಸಕ್ಕೆ ಅಡ್ಡಿ. ಸೆಪ್ಟೆಂಬರ್ ಆರರಂದು ವಿಚಾರಣೆ. ಆರೋಪಪಟ್ಟಿಯ ಜೊತೆ ತಮ್ಮ ಪ್ರಮಾಣಪತ್ರವನ್ನು ಇಟ್ಟು ಹೀಗೆ ವಾದಿಸಿದ್ದಾರೆ: ಜೀವಜಾತಿಗಳೆಲ್ಲ ಮೊದಲೇ ಸುರಕ್ಷಿತವಾಗಿ ಸ್ಥಳಾಂತರಗೊಂಡಿದ್ದರಿಂದ ಆ ಮರಗಳು ಖಾಲಿಯಾಗಿದ್ದವು, ಆರೋಪಿ ಉದ್ರೇಕಗೊಳ್ಳಲು ಯಾವ ಕಾರಣವೂ ಇರಲಿಲ್ಲ, ಆದ್ದರಿಂದ ಇದು ಪೂರ್ವದ್ವೇಷದ ಕೃತ್ಯ. ಕೆಳಗೆ ಆಧಾರವಾಗಿ ನನ್ನ ಹೆಸರು, ನನ್ನ ರುಜು. ಆ ಕಾಗದವನ್ನು ಬೈರಣ್ಣನಿಗೆ ಯಾರೋ ಓದಿ ಹೇಳಿದರಂತೆ. ಮೊನ್ನೆ ನೋಡಲು ಹೋದಾಗ ಅವನು ನನ್ನನ್ನು ಬೈಯಲಿಲ್ಲ. ಬಟ್ಟೆ ಸುತ್ತಿದ ಕೈಯನ್ನು ಹಾಸಿಗೆಯ ಕೆಳಗೆ ಸರಿಸಿಕೊಂಡು, "ಖಾಲಿ ಇದ್ವು ಅಂತ ನೀವೇ ಬರದುಕೊಟ್ರಾ ಮೇಷ್ಟ್ರೇ?" ಎಂದು ಕೇಳಿದ. ಇಲ್ಲ ಎಂದೆ. ಅವನು ನಂಬಿದನೋ ಇಲ್ಲವೋ ನನಗೆ ಗೊತ್ತಿಲ್ಲ.

ಆದ್ದರಿಂದ ನನ್ನ ಒತ್ತಾಯ ಇದು, ವಿನಂತಿಯಲ್ಲ. ಸೆಪ್ಟೆಂಬರ್ ಆರಕ್ಕೆ ಮುಂಚೆ ಆ ಪ್ರಮಾಣಪತ್ರವನ್ನು ತಾವು ಹಿಂದಕ್ಕೆ ಪಡೆಯಬೇಕು. ಮರಗಳು ಖಾಲಿ ಇರಲಿಲ್ಲ ಎಂದು ತಮ್ಮ ರುಜು ಹಾಕಿ ಕೋರ್ಟಿಗೆ ಬರೆದುಕೊಡಬೇಕು. ಉಳಿದ ಒಂಬತ್ತು ಮರಗಳನ್ನು ಮುಟ್ಟಬಾರದು. ಬದುಕಿರುವ ಉಡವನ್ನೂ ಆಮೆಗಳನ್ನೂ ಅಲ್ಲಿಗೇ ಹಿಂತಿರುಗಿಸಬೇಕು. ತಾವು ಬರೆಯದಿದ್ದರೆ ನಾನು ಸಾಕ್ಷಿಕಟ್ಟೆ ಹತ್ತುತ್ತೇನೆ. ಕಣ್ಣು ಕಿತ್ತ ಆ ಐದು ದೇಹಗಳನ್ನು ಅಂದೇ ಮನೆಗೆ ತಂದು ಸ್ಪಿರಿಟ್ಟಿನ ಭರಣಿಯಲ್ಲಿ ಇಟ್ಟಿದ್ದೇನೆ. ತಮ್ಮಿಂದಲೇ ಕಲಿತ ವಿದ್ಯೆ. ನ್ಯಾಯಾಧೀಶರ ಮೇಜಿನ ಮೇಲೆ ಆ ಭರಣಿ ಇಟ್ಟು, ಸ್ಥಳಾಂತರವಾದವು ಇವೇ ಸ್ವಾಮಿ ಎನ್ನುತ್ತೇನೆ. ಆಮೇಲೆ, ಮೊದಲ ಏಟು ಬಿದ್ದದ್ದು ಮೇ ತಿಂಗಳಲ್ಲಲ್ಲ, ಮಾರ್ಚಿಯಲ್ಲಿ, ಹೊಡೆದವನು ನಾನು, ನನ್ನನ್ನೂ ಬೈರಣ್ಣನ ಪಕ್ಕದಲ್ಲೇ ನಿಲ್ಲಿಸಿ ಎಂದು ಕೇಳಿಕೊಳ್ಳುತ್ತೇನೆ.

ಇನ್ನೊಂದೇ ವಿಷಯ. ಕಳೆದ ಸೋಮವಾರ ತಮ್ಮ ಕಚೇರಿಯಿಂದ ನನಗೊಂದು ಲಕೋಟೆ ಬಂತು. ಈ ಸಲ ಕಾರ್ಡಲ್ಲ, ತಮ್ಮದೇ ರುಜುವಿನ ಪತ್ರ. ಸಾರಕ್ಕಿಯ ಪಟ್ಟಿ ಅತ್ಯಂತ ಉಪಯುಕ್ತವಾಯಿತೆಂದು ಮೆಚ್ಚಿ, ಚಿಕ್ಕಲಸಂದ್ರದ ತೋಪಿಗೂ ಅಂಥದೇ ಒಂದು ಪಟ್ಟಿಯನ್ನು ಶೀಘ್ರವಾಗಿ ಮಾಡಿಕೊಡಬೇಕೆಂದು ಕೋರಿದ್ದೀರಿ. ಆರು ಕಲಂಗಳ ನಮೂನೆಯೂ ಜೊತೆಗಿತ್ತು. ಓದಿ ಮುಗಿಸಿ ಸೈಕಲ್ ಹತ್ತಿ ಚಿಕ್ಕಲಸಂದ್ರಕ್ಕೆ ಹೋದೆ. ಸಂಜೆಯವರೆಗೆ ಆ ಮರಗಳ ಕೆಳಗೆ ಕೂತಿದ್ದೆ. ನೋಡಬೇಕಾದದ್ದನ್ನೆಲ್ಲ ನೋಡಿದೆ. ಪಟ್ಟಿಯನ್ನು ಇದರೊಂದಿಗೆ ಕಳಿಸಿದ್ದೇನೆ, ಸ್ವೀಕರಿಸಬೇಕು.

ಇಂತಿ,
ಬರೆಯಬಾರದ್ದನ್ನು ದುಂಡಗೆ ಬರೆದ,
ಸೋಮಲಿಂಗಪ್ಪ
ನಿವೃತ್ತ ಉಪಾಧ್ಯಾಯ

ಲಗತ್ತು: ಚಿಕ್ಕಲಸಂದ್ರದ ತೋಪಿನ ಜೀವಜಾತಿಗಳ ಪಟ್ಟಿ. ಹಾಳೆ ಒಂದು. ಎರಡು ಬದಿಯೂ ಖಾಲಿ.